ದತ್ತಾಂಶ ಕೇಂದ್ರಗಳ ನೀರಿನ ಬಳಕೆ

ಡೇಟಾ ಸೆಂಟರ್ ಎಂದು ರೂಢಿಯಲ್ಲಿರುವ ದತ್ತಾಂಶ ಕೇಂದ್ರಗಳು ಸಾವಿರಾರು ಸರ್ವರ್‌ಗಳನ್ನು ಒಂದೇ ಸೂರಿನಡಿ ಹಗಲಿರುಳು ನಡೆಸುವ ಕಟ್ಟಡಗಳು. ಬ್ಯಾಂಕ್ ವಹಿವಾಟು, ರೈಲು ಟಿಕೆಟ್, ವಿಡಿಯೊ, ಇ-ಮೇಲ್, ಕೃತಕ ಬುದ್ಧಿಮತ್ತೆ ಎಲ್ಲವೂ ಇಲ್ಲಿನ ಯಂತ್ರಗಳನ್ನೇ ಆಧರಿಸಿವೆ. ಸರ್ವರ್‌ಗಳು ಬಳಸುವ ವಿದ್ಯುತ್ತು ಬಹುತೇಕ ಪೂರ್ತಿಯಾಗಿ ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ಅನೇಕ ಕೇಂದ್ರಗಳು ನೀರನ್ನು ಆವಿಯಾಗಿಸುತ್ತವೆ. ಈ ನೀರು ಎಷ್ಟು, ಅದು ಯಾರ ಪಾಲಿನದು, ಅದರ ಲೆಕ್ಕ ಜನರಿಗೆ ತಿಳಿಯಬೇಕೇ ಎಂಬ ಪ್ರಶ್ನೆಗಳ ಮೇಲೆ 2010ರ ದಶಕದ ಕೊನೆಯಿಂದ ಅಮೆರಿಕ, ಯುರೋಪ್ ಮತ್ತು ದಕ್ಷಿಣ ಅಮೆರಿಕಗಳಲ್ಲಿ ತೀವ್ರ ಚರ್ಚೆ ನಡೆದಿದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಚರ್ಚೆ ಜಗತ್ತಿನ ಉಳಿದೆಡೆಗೂ ಹಬ್ಬಿತು.

ನೀರು ಏಕೆ ಬೇಕು

ಮಣ್ಣಿನ ಹೂಜಿಯ ನೀರು ತಂಪಾಗುವ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ದ್ರವವಾಗಿರುವ ನೀರು ಆವಿಯಾಗುವಾಗ ಸುತ್ತಲಿನಿಂದ ಗುಪ್ತೋಷ್ಣವನ್ನು ಹೀರಿಕೊಳ್ಳುತ್ತದೆ. ಸಾಮಾನ್ಯ ಹವೆಯಲ್ಲಿ 1 ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಶಾಖ ಬೇಕು. ಒಂದು ಯೂನಿಟ್ ವಿದ್ಯುತ್ತು, ಅಂದರೆ 1 ಕಿಲೋವಾಟ್-ಗಂಟೆ, 36 ಲಕ್ಷ ಜೂಲ್‌ಗೆ ಸಮ. ಹಾಗಾಗಿ ಒಂದು ಯೂನಿಟ್ ವಿದ್ಯುತ್ತಿನಿಂದ ಹುಟ್ಟಿದ ಶಾಖವನ್ನು ಆವಿಯ ಮೂಲಕವೇ ಕಳೆಯಬೇಕಾದರೆ ಸುಮಾರು ಒಂದೂವರೆ ಲೀಟರ್ ನೀರು ಖರ್ಚಾಗುತ್ತದೆ. ಭೌತಶಾಸ್ತ್ರ ಹಾಕಿಕೊಟ್ಟ ಈ ಲೆಕ್ಕವನ್ನು ಯಾವ ಯಂತ್ರ ಕೌಶಲವೂ ಬದಲಿಸಲಾರದು. ಆವಿಯ ಪಾಲನ್ನು ಕಡಿಮೆ ಮಾಡಿ ಬೇರೆ ದಾರಿಯಿಂದ ಶಾಖ ಕಳೆಯುವುದಷ್ಟೇ ಸಾಧ್ಯ.

ದೊಡ್ಡ ಕೇಂದ್ರಗಳಲ್ಲಿ ಸಾಮಾನ್ಯವಾಗಿ ನೀರಿನ ಎರಡು ವರ್ತುಲಗಳಿರುತ್ತವೆ. ಒಳವರ್ತುಲದ ನೀರು ಸರ್ವರ್ ಕೋಣೆಯ ಶಾಖವನ್ನು ಹೊತ್ತು ತರುತ್ತದೆ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುವುದರಿಂದ ಖರ್ಚಾಗುವುದಿಲ್ಲ. ಹೊರವರ್ತುಲದ ನೀರು ಆ ಶಾಖವನ್ನು ಕೂಲಿಂಗ್ ಟವರ್‌ಗೆ ಒಯ್ಯುತ್ತದೆ. ಅಲ್ಲಿ ಗಾಳಿಗೆ ಒಡ್ಡಿಕೊಂಡ ನೀರಿನ ಒಂದು ಭಾಗ ಆವಿಯಾಗಿ ಹೋಗುತ್ತದೆ. ಆವಿಯಾಗದೆ ಉಳಿದ ನೀರಿನಲ್ಲಿ ಲವಣಗಳು ಸಾಂದ್ರವಾಗುತ್ತವೆ. ಕೊಳವೆಗಳಲ್ಲಿ ಗಸಿ ಕಟ್ಟದಂತೆ ಆ ನೀರನ್ನು ಆಗಾಗ ಹೊರಬಿಟ್ಟು ಹೊಸ ನೀರು ತುಂಬಬೇಕು. ಬ್ಲೋಡೌನ್ ಎನ್ನುವ ಈ ವಿಸರ್ಜನೆ, ಲವಣಗಳು ಐದು ಪಟ್ಟು ಸಾಂದ್ರವಾಗುವವರೆಗೆ ಕಾದರೆ, ಆವಿಯಾದ ನೀರಿನ ಕಾಲು ಭಾಗದಷ್ಟಾಗುತ್ತದೆ. ಲೀಜನೆಲ್ಲಾದಂಥ ಬ್ಯಾಕ್ಟೀರಿಯಾಗಳನ್ನು ತಡೆಯಲು ನೀರಿಗೆ ರಾಸಾಯನಿಕಗಳನ್ನೂ ಬೆರೆಸುತ್ತಾರೆ. ಯೋಜನೆಯ ಪ್ರಚಾರದಲ್ಲಿ ಕಾಣುವ ‘ಮುಚ್ಚಿದ ವರ್ತುಲ’ ಎಂಬ ಮಾತು ಹಲವು ಸಲ ಒಳವರ್ತುಲಕ್ಕಷ್ಟೇ ಅನ್ವಯಿಸುತ್ತದೆ. ಹೊರಗೆ ಕೂಲಿಂಗ್ ಟವರ್ ಇದ್ದರೆ ನೀರಿನ ಖರ್ಚು ಇದ್ದೇ ಇರುತ್ತದೆ.

ಕಂಪನಿಗಳು ಆವಿಯ ವಿಧಾನವನ್ನು ಆರಿಸಿಕೊಳ್ಳಲು ಕಾರಣ ವಿದ್ಯುತ್ ಉಳಿತಾಯ. ನೀರಿಲ್ಲದೆ ಕೇವಲ ಫ್ಯಾನ್ ಮತ್ತು ಚಿಲ್ಲರ್‌ಗಳಿಂದ ತಂಪು ಮಾಡಿದರೆ ವಿದ್ಯುತ್ ಖರ್ಚು ಏರುತ್ತದೆ, ಬಿಸಿಲು ಹೆಚ್ಚಿದಂತೆ ಇನ್ನಷ್ಟು ಏರುತ್ತದೆ. ಬಹುತೇಕ ಕಡೆ ನೀರು ವಿದ್ಯುತ್ತಿಗಿಂತ ಅಗ್ಗ.

ಅಳತೆಯ ಮಾನಗಳು

ದ ಗ್ರೀನ್ ಗ್ರಿಡ್ ಎಂಬ ಉದ್ಯಮ ಒಕ್ಕೂಟ 2007ರಲ್ಲಿ ವಿದ್ಯುತ್ ಬಳಕೆಯ ದಕ್ಷತೆಗೆ ಪಿಯುಇ ಎಂಬ ಮಾನವನ್ನೂ 2011ರಲ್ಲಿ ನೀರಿಗೆ ಡಬ್ಲ್ಯುಯುಇ ಎಂಬ ಮಾನವನ್ನೂ ರೂಪಿಸಿತು. ಮೊದಲನೆಯದು ಕೇಂದ್ರದ ಒಟ್ಟು ವಿದ್ಯುತ್ತನ್ನು ಗಣಕಗಳಿಗೆ ತಲುಪಿದ ವಿದ್ಯುತ್ತಿನಿಂದ ಭಾಗಿಸಿದಾಗ ಬರುವ ಅಂಕಿ. ಎರಡನೆಯದು ಗಣಕಗಳ ಪ್ರತಿ ಯೂನಿಟ್ ವಿದ್ಯುತ್ತಿಗೆ ಖರ್ಚಾದ ನೀರಿನ ಲೀಟರ್ ಲೆಕ್ಕ. ಆವಿಯ ವಿಧಾನ ಪಿಯುಇ ಅಂಕಿಯನ್ನು ಇಳಿಸಿ ಡಬ್ಲ್ಯುಯುಇ ಅಂಕಿಯನ್ನು ಏರಿಸುತ್ತದೆ. ಒಣ ವಿಧಾನ ಇದಕ್ಕೆ ತದ್ವಿರುದ್ಧ. ಹಲವು ವರ್ಷ ಉದ್ಯಮ ಪಿಯುಇ ಒಂದನ್ನೇ ಮುಂದಿಟ್ಟುಕೊಂಡು ಪೈಪೋಟಿ ನಡೆಸಿದ್ದರಿಂದ ನೀರಿನ ಖರ್ಚು ಬೆಳಕಿಗೆ ಬರಲಿಲ್ಲ.

ಲೆಕ್ಕದಲ್ಲಿ ಇನ್ನೆರಡು ಭೇದಗಳನ್ನು ಗಮನಿಸಬೇಕು. ಒಂದು, ಎತ್ತಿದ ನೀರು ಮತ್ತು ಖರ್ಚಾದ ನೀರು. ಮನೆಯೊಂದು ಬಳಸಿದ ನೀರಿನ ಬಹುಪಾಲು ಒಳಚರಂಡಿಗೆ ಮರಳುತ್ತದೆ, ಶುದ್ಧೀಕರಿಸಿ ಮತ್ತೆ ಬಳಸಬಹುದು. ಕೂಲಿಂಗ್ ಟವರ್‌ನಿಂದ ಆವಿಯಾದ ನೀರು ಆ ಊರಿನ ಲೆಕ್ಕದಿಂದ ಹೊರಟುಹೋಗುತ್ತದೆ. ಅದು ಮಳೆಯಾಗಿ ಬೀಳುವುದು ಬೇರೆ ಎಲ್ಲಿಯೋ. ಎರಡು, ನೇರ ಬಳಕೆ ಮತ್ತು ಪರೋಕ್ಷ ಬಳಕೆ. ಕೇಂದ್ರದ ಆವರಣದಲ್ಲಿ ಖರ್ಚಾಗುವುದು ನೇರ ಬಳಕೆ. ಕೇಂದ್ರಕ್ಕೆ ಬೇಕಾದ ವಿದ್ಯುತ್ತನ್ನು ಉತ್ಪಾದಿಸುವಾಗ ಉಷ್ಣ ಸ್ಥಾವರಗಳ ಟವರ್‌ಗಳಲ್ಲಿ ಮತ್ತು ಜಲಾಶಯಗಳಲ್ಲಿ ಆವಿಯಾಗುವುದು ಪರೋಕ್ಷ ಬಳಕೆ. ಚಿಪ್ ತಯಾರಿಕೆಗೆ ಬೇಕಾಗುವ ಅತಿಶುದ್ಧ ನೀರನ್ನು ಕೆಲವರು ಇದಕ್ಕೆ ಸೇರಿಸುತ್ತಾರೆ. ಒಂದೇ ಕೇಂದ್ರದ ಬಗ್ಗೆ ಹತ್ತು ಪಟ್ಟು ವ್ಯತ್ಯಾಸದ ಅಂಕಿಗಳು ಓಡಾಡುವುದಕ್ಕೆ ಈ ಭೇದಗಳನ್ನು ಕಲಸುವುದೇ ಹೆಚ್ಚಿನ ಸಲ ಕಾರಣವಾಗಿರುತ್ತದೆ.

ಒಟ್ಟು ಬಳಕೆಯ ಅಂದಾಜು

ಅತ್ಯಂತ ವಿವರವಾದ ಅಧ್ಯಯನಗಳು ನಡೆದಿರುವುದು ಅಮೆರಿಕದಲ್ಲಿ. ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ 2024ರ ವರದಿಯಂತೆ 2023ರಲ್ಲಿ ಆ ದೇಶದ ದತ್ತಾಂಶ ಕೇಂದ್ರಗಳು 17,600 ಕೋಟಿ ಯೂನಿಟ್ ವಿದ್ಯುತ್ತನ್ನು, ಅಂದರೆ ದೇಶದ ಒಟ್ಟು ಬಳಕೆಯ ಶೇ. 4.4ರಷ್ಟನ್ನು ಬಳಸಿದವು. ಅವುಗಳ ನೇರ ನೀರಿನ ಬಳಕೆ ಸುಮಾರು 6,600 ಕೋಟಿ ಲೀಟರ್. ಪರೋಕ್ಷ ಬಳಕೆ ಸುಮಾರು 80,000 ಕೋಟಿ ಲೀಟರ್. ಪರೋಕ್ಷ ಬಳಕೆ ನೇರ ಬಳಕೆಯ ಹನ್ನೆರಡು ಪಟ್ಟು ಎಂಬುದು ಈ ವರದಿಯಲ್ಲಿ ಎದ್ದು ಕಾಣುವ ಸಂಗತಿ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2025ರಲ್ಲಿ ಜಗತ್ತಿನ ಎಲ್ಲ ದತ್ತಾಂಶ ಕೇಂದ್ರಗಳ ನೀರಿನ ಖರ್ಚನ್ನು ವರ್ಷಕ್ಕೆ 56,000 ಕೋಟಿ ಲೀಟರ್ ಎಂದು ಅಂದಾಜಿಸಿ, 2030ರ ಹೊತ್ತಿಗೆ ಅದು 1,20,000 ಕೋಟಿ ಲೀಟರ್‌ಗೆ ಏರಬಹುದೆಂದು ಹೇಳಿದೆ. ಎರಡು ವರದಿಗಳ ಲೆಕ್ಕದ ಗಡಿಗಳು ಬೇರೆಯಾದ್ದರಿಂದ ಅವುಗಳ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು.

ಈ ಅಂಕಿಗಳು ದೊಡ್ಡವೇ ಸಣ್ಣವೇ ಎಂಬುದು ಯಾವುದರ ಪಕ್ಕದಲ್ಲಿಟ್ಟು ನೋಡುತ್ತೇವೆ ಎಂಬುದನ್ನು ಅವಲಂಬಿಸಿದೆ. ಅಮೆರಿಕದ 6,600 ಕೋಟಿ ಲೀಟರ್ ನೇರ ಬಳಕೆಯನ್ನು ದಿನಕ್ಕೆ ಹಂಚಿದರೆ ಸುಮಾರು 18 ಕೋಟಿ ಲೀಟರ್. ಆ ದೇಶದ ಸಾರ್ವಜನಿಕ ನೀರು ಸರಬರಾಜು 2015ರಲ್ಲಿ ದಿನಕ್ಕೆ 3,900 ಕೋಟಿ ಗ್ಯಾಲನ್, ಅಂದರೆ ಸುಮಾರು 14,800 ಕೋಟಿ ಲೀಟರ್ ಇತ್ತು. ಅದರ ಮುಂದೆ ದತ್ತಾಂಶ ಕೇಂದ್ರಗಳ ಪಾಲು ಶೇ. 1ರ ಎಂಟನೇ ಒಂದು ಭಾಗದಷ್ಟೇ. ಕೃಷಿ ನೀರಾವರಿಯೊಂದಿಗೆ ಹೋಲಿಸಿದರೆ ಇನ್ನೂ ನಗಣ್ಯ. ಆದರೆ ನೀರು ವಿದ್ಯುತ್ತಿನಂತೆ ದೇಶದ ಉದ್ದಗಲಕ್ಕೆ ಹರಿಯುವ ವಸ್ತುವಲ್ಲ. ಒಂದು ಕಣಿವೆಯಲ್ಲಿ ಕೊರತೆಯಾದ ನೀರನ್ನು ಸಾವಿರ ಕಿಲೋಮೀಟರ್ ಆಚೆಯ ಸಮೃದ್ಧಿ ತುಂಬಿಕೊಡಲಾರದು. ಅಮೆರಿಕದ ದತ್ತಾಂಶ ಕೇಂದ್ರಗಳ ನೇರ ನೀರಿನ ಹೆಜ್ಜೆಗುರುತಿನಲ್ಲಿ ಐದನೇ ಒಂದು ಭಾಗ ನೀರಿನ ಒತ್ತಡವಿರುವ ಜಲಾನಯನಗಳ ಮೇಲೆ ಬೀಳುತ್ತಿದೆ ಎಂದು 2021ರ ಅಧ್ಯಯನವೊಂದು ತೋರಿಸಿತು. ವಿವಾದಗಳು ಹುಟ್ಟಿದ್ದು ಇಂಥ ನೆಲೆಗಳಲ್ಲಿಯೇ.

ಸ್ಥಳೀಯ ಸಂಘರ್ಷಗಳು

ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಕೊಲಂಬಿಯಾ ನದಿಯ ದಂಡೆಯ ದ ಡ್ಯಾಲ್ಸ್ ಎಂಬ ಪುಟ್ಟ ಪಟ್ಟಣದಲ್ಲಿ ಗೂಗಲ್ 2006ರಿಂದ ಕೇಂದ್ರ ನಡೆಸುತ್ತಿದೆ. ಅದು ಬಳಸುವ ನೀರಿನ ವಿವರವನ್ನು ದಿ ಆರೆಗೋನಿಯನ್ ಪತ್ರಿಕೆ ಕೇಳಿದಾಗ, ಅದು ವ್ಯಾಪಾರ ರಹಸ್ಯವೆಂದು ವಾದಿಸಿ ಪಟ್ಟಣದ ಆಡಳಿತವೇ 2021ರಲ್ಲಿ ಪತ್ರಿಕೆಯ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. 2022ರ ಡಿಸೆಂಬರ್‌ನಲ್ಲಿ ರಾಜಿಯಾಗಿ ಅಂಕಿಗಳು ಹೊರಬಂದವು. 2021ರಲ್ಲಿ ಗೂಗಲ್ ಬಳಸಿದ್ದು 35.5 ಕೋಟಿ ಗ್ಯಾಲನ್, ಅಂದರೆ ಸುಮಾರು 134 ಕೋಟಿ ಲೀಟರ್. ಪಟ್ಟಣದ ಒಟ್ಟು ನೀರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. ಐದು ವರ್ಷಗಳಲ್ಲಿ ಬಳಕೆ ಹೆಚ್ಚುಕಡಿಮೆ ಮೂರು ಪಟ್ಟಾಗಿತ್ತು. ಸಾರ್ವಜನಿಕ ನೀರಿನ ಲೆಕ್ಕ ಖಾಸಗಿ ಗುಟ್ಟಾಗಿ ಉಳಿಯಬಹುದೇ ಎಂಬ ಪ್ರಶ್ನೆಯನ್ನು ಈ ಪ್ರಕರಣ ಎಲ್ಲರ ಮುಂದಿಟ್ಟಿತು.

ಚಿಲಿ ದೇಶದ ರಾಜಧಾನಿ ಸಾಂಟಿಯಾಗೊ ಬಳಿಯ ಸೆರಿಯೋಸ್‌ನಲ್ಲಿ ಗೂಗಲ್ ಯೋಜಿಸಿದ್ದ ಕೇಂದ್ರಕ್ಕೆ ಸೆಕೆಂಡಿಗೆ 169 ಲೀಟರ್ ಅಂತರ್ಜಲ ಎತ್ತುವ ಪ್ರಸ್ತಾವವಿತ್ತು. ಅಂದರೆ ದಿನಕ್ಕೆ 1.46 ಕೋಟಿ ಲೀಟರ್. ಮಧ್ಯ ಚಿಲಿ 2010ರಿಂದ ದೀರ್ಘ ಬರದಲ್ಲಿತ್ತು. ಸ್ಥಳೀಯರು 2019ರಿಂದ ಹೋರಾಟಕ್ಕಿಳಿದರು. ಕಂಪನಿ ಗಾಳಿಯಿಂದ ತಂಪು ಮಾಡುವ ವಿನ್ಯಾಸಕ್ಕೆ ಹೊರಳುವ ಮಾತಾಡಿತು. 2024ರ ಆರಂಭದಲ್ಲಿ ಪರಿಸರ ನ್ಯಾಯಮಂಡಳಿ ಅನುಮತಿಯನ್ನು ಭಾಗಶಃ ರದ್ದುಪಡಿಸಿತು. ಅದೇ ವರ್ಷ ಯೋಜನೆಯನ್ನು ಮೊದಲಿನಿಂದ ರೂಪಿಸುವುದಾಗಿ ಕಂಪನಿ ತಿಳಿಸಿತು. ಉರುಗ್ವೆಯಲ್ಲಿ 2023ರ ಬರಗಾಲದಲ್ಲಿ ರಾಜಧಾನಿ ಮಾಂಟೆವಿಡಿಯೊದ ನಲ್ಲಿಗಳಲ್ಲಿ ಉಪ್ಪು ಬೆರೆತ ನೀರು ಬರುತ್ತಿತ್ತು. ಅದೇ ಹೊತ್ತಿಗೆ ಆ ದೇಶದಲ್ಲಿ ಗೂಗಲ್ ಯೋಜಿಸಿದ್ದ ಕೇಂದ್ರಕ್ಕೆ ದಿನಕ್ಕೆ 76 ಲಕ್ಷ ಲೀಟರ್ ಕುಡಿಯುವ ನೀರು ಬೇಕೆಂಬ ವಿವರ ಬಯಲಾಗಿ ಜನ ಬೀದಿಗಿಳಿದರು. ಮುಂದೆ ಅಲ್ಲಿಯೂ ವಿನ್ಯಾಸ ಬದಲಾಯಿತು.

ನೆದರ್ಲೆಂಡ್ಸ್‌ನ ಮಿಡೆನ್‌ಮೇರ್‌ನಲ್ಲಿ ಮೈಕ್ರೋಸಾಫ್ಟ್ ಕೇಂದ್ರ ವರ್ಷಕ್ಕೆ 1.2ರಿಂದ 2 ಕೋಟಿ ಲೀಟರ್ ಬಳಸುತ್ತದೆಂದು ಹೇಳಲಾಗಿತ್ತು. 2021ರಲ್ಲಿ ನಿಜವಾಗಿ ಬಳಸಿದ್ದು 8.4 ಕೋಟಿ ಲೀಟರ್ ಎಂದು ಮರುವರ್ಷ ಬೇಸಿಗೆಯ ಬರದ ನಡುವೆ ತಿಳಿದುಬಂತು. ಅರಿಜೋನದ ಮರುಭೂಮಿ ನಗರ ಟೂಸಾನ್‌ನಲ್ಲಿ ‘ಪ್ರಾಜೆಕ್ಟ್ ಬ್ಲೂ’ ಎಂಬ ಯೋಜನೆ ಸಂಸ್ಕರಿಸಿದ ನೀರನ್ನು ಬಳಸುವ ಭರವಸೆ ಕೊಟ್ಟಿದ್ದರೂ ನಗರ ಸಭೆ 2025ರ ಆಗಸ್ಟ್‌ನಲ್ಲಿ ಒಮ್ಮತದಿಂದ ತಿರಸ್ಕರಿಸಿತು. ಈ ಎಲ್ಲ ಪ್ರಕರಣಗಳಲ್ಲಿ ನೀರಿನ ಪ್ರಮಾಣದಷ್ಟೇ ಜನರನ್ನು ಕೆರಳಿಸಿದ್ದು ಮಾಹಿತಿಯ ಅಭಾವ. ಯೋಜನೆಗಳು ಗುಪ್ತನಾಮಗಳಲ್ಲಿ ಬರುವುದು, ಅಧಿಕಾರಿಗಳು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕುವುದು, ಅಂಕಿಗಳು ನಿರ್ಧಾರವಾದ ಮೇಲೆ ಹೊರಬರುವುದು ಮತ್ತೆ ಮತ್ತೆ ಕಾಣುವ ದೂರುಗಳು.

ಕೃತಕ ಬುದ್ಧಿಮತ್ತೆ ಮತ್ತು ಒಂದು ಪ್ರಶ್ನೆಯ ಲೆಕ್ಕ

ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರಿವರ್‌ಸೈಡ್ ಶಾಖೆಯ ಶಾವೊಲೈ ರೆನ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಜಿಪಿಟಿ-3 ಮಾದರಿಯ ತರಬೇತಿಗೆ ಕೇಂದ್ರದ ಆವರಣದಲ್ಲಿಯೇ 7 ಲಕ್ಷ ಲೀಟರ್ ನೀರು ಆವಿಯಾಗಿರಬಹುದೆಂದು ಅಂದಾಜಿಸಿದರು. 10ರಿಂದ 50 ಉತ್ತರಗಳಿಗೆ ಅರ್ಧ ಲೀಟರ್ ನೀರು ಎಂಬ ಅವರ ಇನ್ನೊಂದು ಅಂದಾಜು ಲೋಕಪ್ರಸಿದ್ಧವಾಯಿತು. ವಿದ್ಯುತ್ ಉತ್ಪಾದನೆಯ ನೀರೂ ಅದರಲ್ಲಿ ಸೇರಿದೆ ಎಂಬ ವಿವರ ಮಾತ್ರ ಹೆಚ್ಚಿನ ಸುದ್ದಿಗಳಲ್ಲಿ ಬಿಟ್ಟುಹೋಯಿತು. 2025ರ ಜೂನ್‌ನಲ್ಲಿ ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಚಾಟ್‌ಜಿಪಿಟಿಯ ಒಂದು ಪ್ರಶ್ನೆಗೆ ಸುಮಾರು 0.32 ಮಿಲಿಲೀಟರ್ ಎಂದರು. ಅದೇ ವರ್ಷದ ಆಗಸ್ಟ್‌ನಲ್ಲಿ ಗೂಗಲ್, ತನ್ನ ಕೃತಕ ಬುದ್ಧಿಮತ್ತೆ ಸೇವೆ ಜೆಮಿನಿಯ ಒಂದು ಮಧ್ಯಮ ಪಠ್ಯ ಪ್ರಶ್ನೆಗೆ 0.24 ವಾಟ್-ಗಂಟೆ ವಿದ್ಯುತ್ತು ಮತ್ತು 0.26 ಮಿಲಿಲೀಟರ್ ನೀರು ಎಂಬ ಲೆಕ್ಕ ಪ್ರಕಟಿಸಿತು. ಈ ಲೆಕ್ಕ ವಿದ್ಯುತ್ ಉತ್ಪಾದನೆಯ ನೀರನ್ನು ಒಳಗೊಂಡಿಲ್ಲವೆಂದು ರೆನ್ ಮತ್ತಿತರರು ಆಕ್ಷೇಪಿಸಿದರು. ಫ್ರಾನ್ಸ್‌ನ ಮಿಸ್ಟ್ರಾಲ್ ಕಂಪನಿ ಯಂತ್ರಗಳ ತಯಾರಿಕೆಯಿಂದ ಹಿಡಿದು ಪೂರ್ಣ ಜೀವನಚಕ್ರದ ಲೆಕ್ಕ ಹಾಕಿ, ಒಂದು ಪುಟದಷ್ಟು ಉತ್ತರಕ್ಕೆ 45 ಮಿಲಿಲೀಟರ್ ಎಂದಿತು.

ಅಂಕಿಗಳ ಈ ಅಂತರ ಲೆಕ್ಕದ ಗಡಿಯನ್ನು ಎಲ್ಲಿ ಎಳೆಯಲಾಗಿದೆ ಎಂಬುದರಿಂದ ಬಂದದ್ದು. ಒಂದು ಪ್ರಶ್ನೆಯ ಹನಿಗಳನ್ನು ಎಣಿಸುವುದರಿಂದ ನೀತಿ ನಿರೂಪಣೆಗೆ ಆಗುವ ಪ್ರಯೋಜನವೂ ಕಡಿಮೆ. ವ್ಯಕ್ತಿಯೊಬ್ಬನ ಪ್ರಶ್ನೆಗಳ ನೀರು ಅವನ ಸ್ನಾನದ ನೀರಿನ ಮುಂದೆ ಲೆಕ್ಕಕ್ಕಿಲ್ಲ. ಆದರೆ ಕೋಟ್ಯಂತರ ಪ್ರಶ್ನೆಗಳ ಭಾರ ಕೆಲವೇ ಊರುಗಳ ಮೇಲೆ ಬೀಳುತ್ತದೆ. ಅಯೋವ ರಾಜ್ಯದ ವೆಸ್ಟ್ ಡೆ ಮಾಯಿನ್‌ನಲ್ಲಿ ಜಿಪಿಟಿ-4 ತರಬೇತಿ ನಡೆದ ಮೈಕ್ರೋಸಾಫ್ಟ್ ಕೇಂದ್ರಗಳು 2022ರ ಜುಲೈ ಒಂದೇ ತಿಂಗಳಲ್ಲಿ 1.15 ಕೋಟಿ ಗ್ಯಾಲನ್, ಅಂದರೆ ಸುಮಾರು 4.35 ಕೋಟಿ ಲೀಟರ್ ನೀರು ಬಳಸಿದವು. ಅದು ಆ ಜಲಜಿಲ್ಲೆಯ ಒಟ್ಟು ನೀರಿನ ಸುಮಾರು ಶೇ. 6.

ವಾದ ಮತ್ತು ಪ್ರತಿವಾದ

ಉದ್ಯಮದ ಪರ ನಿಲ್ಲುವವರ ವಾದಗಳಲ್ಲಿ ಹುರುಳಿದೆ. ಒಟ್ಟು ಬಳಕೆಯಲ್ಲಿ ಈ ಕೇಂದ್ರಗಳ ಪಾಲು ಅಲ್ಪ. ಪ್ರತಿ ಲೀಟರ್ ನೀರಿಗೆ ಇವು ತರುವ ತೆರಿಗೆ ಮತ್ತು ಆದಾಯ ಕೃಷಿಗಿಂತ ಬಹಳ ಹೆಚ್ಚು. ಹಳೆಯ ಚದುರಿದ ಸರ್ವರ್ ಕೋಣೆಗಳಿಗಿಂತ ದೊಡ್ಡ ಕೇಂದ್ರಗಳು ದಕ್ಷ. ನೀರಿನಿಂದ ತಂಪು ಮಾಡಿದರೆ ವಿದ್ಯುತ್ ಉಳಿದು ಇಂಗಾಲದ ಹೊರಸೂಸುವಿಕೆ ಇಳಿಯುತ್ತದೆ.

ವಿರೋಧಿಸುವವರ ವಾದಕ್ಕೆ ಬೇರೆ ನೆಲೆಗಳಿವೆ. ವಾರ್ಷಿಕ ಸರಾಸರಿಗಿಂತ ಗರಿಷ್ಠ ಬೇಡಿಕೆಯ ದಿನವೇ ಊರಿಗೆ ಮುಖ್ಯ. ಕೇಂದ್ರಕ್ಕೆ ನೀರು ಅತಿ ಹೆಚ್ಚು ಬೇಕಾಗುವುದು ಕಡುಬೇಸಿಗೆಯಲ್ಲಿ, ಅಂದರೆ ಕೆರೆ ಬಾವಿಗಳು ಬತ್ತಿ ಜನರೂ ನೀರಿಗೆ ಪರದಾಡುವ ಹೊತ್ತಿನಲ್ಲಿ. ಪಂಪು, ಕೊಳವೆ, ಶುದ್ಧೀಕರಣ ಘಟಕಗಳನ್ನು ಆ ಒಂದು ದಿನದ ಅಳತೆಗೆ ಕಟ್ಟಬೇಕು. ಅದರ ವೆಚ್ಚ ಎಲ್ಲ ಗ್ರಾಹಕರ ಮೇಲೆ ಬೀಳುತ್ತದೆ. ಹೆಚ್ಚಿನ ಕೇಂದ್ರಗಳು ಕುಡಿಯಲು ಯೋಗ್ಯವಾದ ನೀರನ್ನೇ ಬಳಸುತ್ತವೆ. ಕಾಯಂ ಉದ್ಯೋಗಗಳೂ ಕಡಿಮೆ. ದೇಶದ ಸರಾಸರಿ ತೋರಿಸಿ ಊರಿನ ಕೊರತೆಯನ್ನು ಅಲ್ಲಗಳೆಯುವುದು ನ್ಯಾಯವಲ್ಲ ಎಂಬುದು ಇವರ ವಾದದ ತಿರುಳು, ಮತ್ತು ಅದು ಬಲವಾದ ವಾದ.

ಪರ್ಯಾಯ ವಿಧಾನಗಳು

ನೀರಿನ ಗುಣಮಟ್ಟವನ್ನು ಬದಲಿಸುವುದು ಒಂದು ದಾರಿ. ಫಿನ್ಲೆಂಡ್‌ನ ಹಮಿನಾದಲ್ಲಿ ಹಳೆಯ ಕಾಗದ ಗಿರಣಿಯೊಳಗೆ 2011ರಲ್ಲಿ ಆರಂಭವಾದ ಗೂಗಲ್ ಕೇಂದ್ರ ಸಮುದ್ರದ ನೀರಿನಿಂದ ತಂಪಾಗುತ್ತದೆ. ಜಾರ್ಜಿಯ ರಾಜ್ಯದ ಡಗ್ಲಸ್ ಕೌಂಟಿಯಲ್ಲಿ ಅದೇ ಕಂಪನಿ ಸಂಸ್ಕರಿಸಿದ ಚರಂಡಿ ನೀರನ್ನು ಬಳಸುತ್ತದೆ. ವಾಷಿಂಗ್ಟನ್ ರಾಜ್ಯದ ಕ್ವಿನ್ಸಿಯಲ್ಲಿ ಮೈಕ್ರೋಸಾಫ್ಟ್ ಮತ್ತು ಪಟ್ಟಣ ಸೇರಿ ಮರುಬಳಕೆ ಘಟಕ ಕಟ್ಟಿವೆ.

ಆವಿಯನ್ನೇ ಕೈಬಿಡುವುದು ಇನ್ನೊಂದು ದಾರಿ. ಮೈಕ್ರೋಸಾಫ್ಟ್ 2024ರಲ್ಲಿ ತಂಪು ಮಾಡಲು ನೀರನ್ನು ಆವಿಯಾಗಿಸದ ವಿನ್ಯಾಸವನ್ನು ಪ್ರಕಟಿಸಿ, ಪ್ರತಿ ಕೇಂದ್ರದಲ್ಲಿ ವರ್ಷಕ್ಕೆ 12.5 ಕೋಟಿ ಲೀಟರ್ ಉಳಿಯುತ್ತದೆಂದು ಹೇಳಿತು. ಚಿಪ್‌ಗೆ ಅಂಟಿದ ಲೋಹದ ಫಲಕಗಳೊಳಗೆ ದ್ರವವನ್ನು ಹರಿಸುವ ವಿಧಾನ ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ಈಗ ಅನಿವಾರ್ಯವಾಗಿದೆ. ದ್ರವ ತಣ್ಣಗಿರಬೇಕೆಂದೇನಿಲ್ಲ, ಜರ್ಮನಿಯ ಗಾರ್ಕಿಂಗ್‌ನ ಸೂಪರ್‌ಎಂಯುಸಿ ಮಹಾಗಣಕ 2012ರಲ್ಲಿಯೇ ಬೆಚ್ಚನೆಯ ನೀರಿನಿಂದ ತಂಪಾಗುತ್ತಿತ್ತು. ಒಳಗಿನ ದ್ರವ ಹೊರಗಿನ ಗಾಳಿಗಿಂತ ಬಿಸಿಯಾಗಿದ್ದರೆ ರೇಡಿಯೇಟರ್ ಮತ್ತು ಫ್ಯಾನ್‌ಗಳೇ ಸಾಕು, ಆವಿ ಬೇಡ.

ಒಣ ವಿಧಾನದಿಂದ ನೀರಿನ ಖರ್ಚು ವಿದ್ಯುತ್ ಸ್ಥಾವರಕ್ಕೆ ವರ್ಗವಾಗುತ್ತದಷ್ಟೆ ಎಂಬ ಆಕ್ಷೇಪ ಅರ್ಧ ನಿಜ. ಪ್ರತಿ ಯೂನಿಟ್‌ಗೆ 3.5 ಲೀಟರ್ ನೀರು ಬಳಸುವ ಕಲ್ಲಿದ್ದಲು ಸ್ಥಾವರದ ವಿದ್ಯುತ್ತನ್ನೇ ಎಣಿಸಿ, ಒಣ ವಿಧಾನಕ್ಕೆ ಶೇ. 20ರಷ್ಟು ಹೆಚ್ಚು ವಿದ್ಯುತ್ತು ಬೇಕೆಂದುಕೊಂಡರೆ, ಸ್ಥಾವರದಲ್ಲಿ ಹೆಚ್ಚಾಗುವ ಖರ್ಚು ಯೂನಿಟ್‌ಗೆ 0.7 ಲೀಟರ್, ಕೇಂದ್ರದಲ್ಲಿ ಉಳಿಯುವುದು ಒಂದೂವರೆ ಲೀಟರ್‌ಗಿಂತ ಹೆಚ್ಚು. ನೀರಿನ ಮಟ್ಟಿಗೆ ಒಟ್ಟಿನಲ್ಲಿ ಉಳಿತಾಯವೇ. ಸೌರ ಮತ್ತು ಪವನ ವಿದ್ಯುತ್ತಾದರೆ ವರ್ಗವಾಗುವ ಖರ್ಚು ಬಹುತೇಕ ಇಲ್ಲವಾಗುತ್ತದೆ.

ಭರವಸೆಗಳು ಮತ್ತು ಕಾನೂನು

2030ರೊಳಗೆ ಖರ್ಚು ಮಾಡಿದ್ದಕ್ಕಿಂತ ಹೆಚ್ಚು ನೀರನ್ನು ನಿಸರ್ಗಕ್ಕೆ ಮರಳಿಸುವುದಾಗಿ ಮೈಕ್ರೋಸಾಫ್ಟ್ 2020ರಲ್ಲಿಯೂ ಗೂಗಲ್ ಮತ್ತು ಮೆಟಾ 2021ರಲ್ಲಿಯೂ ಅಮೆಜಾನ್‌ನ ಕ್ಲೌಡ್ ವಿಭಾಗ 2022ರಲ್ಲಿಯೂ ಘೋಷಿಸಿದವು. ಗೂಗಲ್ ಗುರಿ ಶೇ. 120. ಆದರೆ ಅದರ ದತ್ತಾಂಶ ಕೇಂದ್ರಗಳ ನೀರಿನ ಖರ್ಚು 2023ರಲ್ಲಿ ಹಿಂದಿನ ವರ್ಷಕ್ಕಿಂತ ಶೇ. 17 ಏರಿ ಸುಮಾರು 2,300 ಕೋಟಿ ಲೀಟರ್ ಮುಟ್ಟಿತು. ಜೌಗು ಪ್ರದೇಶ ಉಳಿಸುವುದು, ಸೋರುವ ಕೊಳವೆ ಸರಿಪಡಿಸುವುದು ಒಳ್ಳೆಯ ಕೆಲಸಗಳೇ. ಆದರೆ ಒಂದು ಕಣಿವೆಯಲ್ಲಿ ತೆಗೆದ ನೀರಿಗೆ ಇನ್ನೊಂದು ಕಣಿವೆಯಲ್ಲಿ ಪರಿಹಾರ ಕೊಟ್ಟರೆ ಮೊದಲ ಕಣಿವೆಯ ಬಾವಿ ತುಂಬುವುದಿಲ್ಲ.

ಕಾನೂನಿನ ಹಾದಿಯಲ್ಲಿ ಯುರೋಪಿಯನ್ ಒಕ್ಕೂಟ ಮುಂದಿದೆ. 2023ರ ಇಂಧನ ದಕ್ಷತೆ ನಿರ್ದೇಶನ ಮತ್ತು 2024ರ ಅದರ ನಿಯಮಾವಳಿಯಂತೆ 500 ಕಿಲೋವಾಟ್ ಅಥವಾ ಅದಕ್ಕಿಂತ ಹೆಚ್ಚಿನ ಸಾಮರ್ಥ್ಯದ ಕೇಂದ್ರಗಳು ವಿದ್ಯುತ್ತು, ನೀರು ಮತ್ತಿತರ ವಿವರಗಳನ್ನು ಪ್ರತಿವರ್ಷ ವರದಿ ಮಾಡಬೇಕು. ಅಮೆರಿಕದಲ್ಲಿ ಇಂಥ ಒಕ್ಕೂಟ ಮಟ್ಟದ ಕಡ್ಡಾಯವಿಲ್ಲ. ರಾಜ್ಯ ಮತ್ತು ಪಟ್ಟಣಗಳ ಮಟ್ಟದಲ್ಲಿ ಚರ್ಚೆ ನಡೆಯುತ್ತಿದೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ದತ್ತಾಂಶ ಕೇಂದ್ರಗಳು ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ ಸುತ್ತಮುತ್ತ ಮತ್ತು ಬೆಂಗಳೂರಿನಲ್ಲಿ ನೆಲೆಗೊಂಡಿವೆ. 2025ರ ಅಕ್ಟೋಬರ್‌ನಲ್ಲಿ ಗೂಗಲ್ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡಿ ಗಿಗಾವಾಟ್ ಪ್ರಮಾಣದ ಕೇಂದ್ರ ಕಟ್ಟುವುದಾಗಿ ಪ್ರಕಟಿಸಿದಾಗ ನೀರಿನ ಪ್ರಶ್ನೆಯೂ ಎದ್ದಿತು. ಪೂರ್ಣ ಭಾರದಲ್ಲಿ ನಡೆಯುವ 100 ಮೆಗಾವಾಟ್ ಕೇಂದ್ರವೊಂದು ಆವಿಯಿಂದಲೇ ಶಾಖ ಕಳೆದರೆ ದಿನಕ್ಕೆ ಸುಮಾರು 36 ಲಕ್ಷ ಲೀಟರ್ ಆವಿಯಾಗುತ್ತದೆ. ನಗರವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಂತೆ ಅದು 26,000ಕ್ಕೂ ಹೆಚ್ಚು ಜನರ ಪಾಲು. ಪರೋಕ್ಷ ಬಳಕೆಯೂ ಇಲ್ಲಿ ಹಗುರವಲ್ಲ. ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುತ್ತದೆ. ಕೂಲಿಂಗ್ ಟವರ್ ಇರುವ ಹಳೆಯ ಸ್ಥಾವರಗಳಿಗೆ ಕೇಂದ್ರ ಪರಿಸರ ಸಚಿವಾಲಯ 2015ರಲ್ಲಿ ಹಾಕಿದ ಮಿತಿ ಯೂನಿಟ್‌ಗೆ 3.5 ಲೀಟರ್. ಬೆಂಗಳೂರಿನ ಸರ್ವರ್‌ಗೆ ರಾಯಚೂರಿನ ಸ್ಥಾವರದ ವಿದ್ಯುತ್ತು ಬಂದರೆ ಅದರೊಡನೆ ಕೃಷ್ಣೆಯ ನೀರೂ ಲೆಕ್ಕಕ್ಕೆ ಸೇರುತ್ತದೆ.

ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಮೇಲಕ್ಕೆ ಪಂಪಾಗಿ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದ್ದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಸೇರಿತು. 2022–27ರ ಅವಧಿಗೆ ದತ್ತಾಂಶ ಕೇಂದ್ರ ನೀತಿಯನ್ನು ರೂಪಿಸಿರುವ ಕರ್ನಾಟಕಕ್ಕೆ ಅನುಕೂಲಗಳೂ ಇವೆ. ಎತ್ತರದ ಬಯಲಿನಲ್ಲಿರುವ ಬೆಂಗಳೂರಿನ ಹವೆ ಕರಾವಳಿ ನಗರಗಳಿಗಿಂತ ತಂಪು. ವರ್ಷದ ಹಲವು ತಿಂಗಳ ರಾತ್ರಿಗಳಲ್ಲಿ ಹೊರಗಾಳಿಯಿಂದಲೇ ಬಹಳಷ್ಟು ಶಾಖ ಕಳೆಯಬಹುದು. ನಗರದಲ್ಲಿ ಸಂಸ್ಕರಿಸಿದ ಕೊಳಚೆ ನೀರೂ ದೊಡ್ಡ ಪ್ರಮಾಣದಲ್ಲಿ ಸಿಗುತ್ತದೆ. ಆದರೆ ಅದೂ ವಾರಸುದಾರರಿಲ್ಲದ ನೀರಲ್ಲ; 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಅದು ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಅದನ್ನು ಹೊಸಬರಿಗೆ ಹಂಚುವಾಗ ಕೋಲಾರದ ರೈತರ ಪಾಲನ್ನು ಮೊದಲು ಕಾಯ್ದಿರಿಸಬೇಕು.

ಜಗತ್ತಿನ ಒಟ್ಟು ನೀರಿನ ಲೆಕ್ಕದಲ್ಲಿ ದತ್ತಾಂಶ ಕೇಂದ್ರಗಳು ದೊಡ್ಡ ಬಳಕೆದಾರರಲ್ಲ. ತಪ್ಪು ಜಾಗದಲ್ಲಿ, ತಪ್ಪು ವಿಧಾನದಿಂದ, ಗುಟ್ಟಾಗಿ ಕಟ್ಟಿದ ಒಂದೇ ಕೇಂದ್ರ ಒಂದು ಊರಿನ ನೀರನ್ನು ಬರಿದು ಮಾಡಬಲ್ಲದು. ಎರಡೂ ಮಾತು ಒಟ್ಟಿಗೆ ನಿಜ. ಆದ್ದರಿಂದ ಪ್ರತಿ ಯೋಜನೆಗೂ ಅನುಮತಿ ಕೊಡುವ ಮೊದಲೇ ನಾಲ್ಕು ವಿವರಗಳು ಸಾರ್ವಜನಿಕವಾಗಬೇಕು: ಯಾವ ಮೂಲದ ನೀರು, ವರ್ಷಕ್ಕೆ ಎಷ್ಟು, ಕಡುಬೇಸಿಗೆಯ ಒಂದು ದಿನಕ್ಕೆ ಎಷ್ಟು, ಅದರಲ್ಲಿ ಆವಿಯಾಗಿ ಹೋಗುವುದು ಎಷ್ಟು. ಇವನ್ನು ಕೊಡಲೊಲ್ಲದ ಯೋಜನೆಗೆ ಸಾರ್ವಜನಿಕ ನೀರನ್ನು ಕೊಡಬಾರದು.